ಹಬ್ಬದ ದಿನದಲ್ಲಿ ಒಂಟಿಯಾಗಿರುವವರು

ಪಾಠಭಾಗ: ಕೀರ್ತನೆ 42, ಯೋಹಾನ 7:1-14, 2 ತಿಮೊಥೆಯ 4:9-18.

ಕುಂಬಾರಕೊಪ್ಪಲು ಎಂಬದು ಹೆಸರಿನಿಂದ ಕುಂಬಾರರ ಹಳ್ಳಿಯಾದರೂ ಈಗ ಮೈಸೂರು ನಗರದೊಳಗೆ ಕೂಡಿಹೋಗಿರುವ ಸ್ಥಳವು. ವಿಜಯದಶಮಿಯ ದಿನ ಜಂಬೂಸವಾರಿಯು ಅರಮನೆಯಿಂದ ಬನ್ನಿಮಂಟಪಕ್ಕೆ ಹೊರಡುವಾಗ ಆ ನಗರದ ರಾಜಬೀದಿಯಲ್ಲಿ ಕಾಲಿಡಲು ಸ್ಥಳವಿರುವದಿಲ್ಲ. ಮನೆಗಳಲ್ಲಿ ನೆಂಟರು ತುಂಬಿರುವರು. ಮೂರು ವಾರ ಕಳೆಯುವದರೊಳಗೆ ದೀಪಾವಳಿ ಬಂದು ಬಾಗಿಲು ಬಾಗಿಲಿಗೆ ಮಣ್ಣಿನ ಹಣತೆಗಳು ಉರಿಯುವವು. ಇಂಥ ಓಣಿಯಲ್ಲಿ ಒಂದೇ ಬಾಗಿಲು ಮುಚ್ಚಿಕೊಂಡಿದ್ದು, ಒಳಗೆ ವಿಶ್ವಾಸಿಯೊಬ್ಬಳು ತನ್ನ ತೌರುಮನೆಯ ಹಬ್ಬಗಳನ್ನು ನೆನಸುತ್ತಾ ಕೂತಿದ್ದರೆ ಅವಳ ಮನಸ್ಸು ಹ್ಯಾಗಿದ್ದೀತು? ನೆರೆಯವರು ಕೊಟ್ಟ ಹೋಳಿಗೆಯನ್ನು ತೆಗೆದುಕೊಳ್ಳಬಹುದೋ ಎಂಬದು ಬೇರೆ ಪಾಠ. ಅದನ್ನು ಇಲ್ಲಿ ಎತ್ತುವದಿಲ್ಲ.

ಆದರೆ ಇದಕ್ಕಿಂತಲೂ ಭಾರವಾದದ್ದೊಂದುಂಟು. ಪರರ ಹಬ್ಬದಲ್ಲಿ ಒಂಟಿಯಾದವಳು, ಇದು ನನ್ನದಲ್ಲ ಎಂದು ಹೇಳಿಕೊಳ್ಳಬಹುದು. ಕ್ರಿಸ್ಮಸ್ಸಿನ ದಿನ ಅವಳು ಏನು ಹೇಳಿಕೊಳ್ಳುವಳು? ಮಗನು ಬೆಂಗಳೂರಿನ ಕಾರ್ಖಾನೆಯಲ್ಲಿ, ಮಗಳು ಸಮುದ್ರದಾಚೆ, ಯಜಮಾನನು ಸಮಾಧಿಯಲ್ಲಿ. ಆರಾಧನೆ ಮುಗಿದ ಮೇಲೆ ಎಲ್ಲರೂ ಕೈಕುಲುಕಿ ಗುಂಪುಗುಂಪಾಗಿ ಮನೆಗೆ ಹೋಗುವರು. ಅವಳೂ ಮನೆಗೆ ಹೋಗಿ ಒಂದೇ ತಟ್ಟೆ ಹಾಕಿಕೊಳ್ಳುವಳು. ಇಂಥ ತಾಯಂದಿರಿಲ್ಲದ ಸಭೆಯು ನಮ್ಮಲ್ಲಿ ಅಪರೂಪ.

ನಿಜವಾದ ವಿಶ್ವಾಸಿಗೆ ಒಂಟಿತನವೇ ಇಲ್ಲವೆಂದು ಕೆಲವರು ಬೋಧಿಸುವದನ್ನು ನಾವು ಕೇಳಿದ್ದೇವೆ. ಸತ್ಯವೇದವು ಹಾಗೆ ಹೇಳುವದಿಲ್ಲ. 42ನೆಯ ಕೀರ್ತನೆಯನ್ನು ತೆರೆದು ನೋಡಿರಿ. ಅದರ ಕರ್ತೃವು ದೇವಾಲಯದಿಂದ ದೂರವಾಗಿ ಯೊರ್ದನಿನ ಸೀಮೆಯಲ್ಲಿದ್ದಾನೆ. ಹಬ್ಬದ ಗುಂಪಿನ ಸಂಗಡ ಹಾಡುತ್ತಾ ಹೋಗುತ್ತಿದ್ದ ದಿನಗಳ ನೆನಪೇ ಅವನನ್ನು ಅಳಿಸುತ್ತದೆ. ಅವನು ತನ್ನ ಪ್ರಾಣವನ್ನೇ ಕರೆದು, ಯಾಕೆ ಕುಗ್ಗಿದ್ದೀ ಎಂದು ಕೇಳಿ, ದೇವರನ್ನು ನಿರೀಕ್ಷಿಸೆಂದು ಬುದ್ಧಿ ಹೇಳುತ್ತಾನೆ. ಐದನೆಯ ವಚನದಲ್ಲಿ ಹೀಗೆ ಹೇಳಿದವನು ಹನ್ನೊಂದನೆಯದರಲ್ಲಿ ಮತ್ತೆ ಹೇಳುತ್ತಾನೆ. 43ನೆಯ ಕೀರ್ತನೆಯ ಕಡೆಯಲ್ಲಿಯೂ ಅದೇ ಮಾತು ಬರುತ್ತದೆ. ಒಂದೇ ಸಾರಿ ಹೇಳಿದ್ದರಿಂದ ದುಃಖವು ಹೋಗಲಿಲ್ಲವೆಂದಾಯಿತು. ಆದದರಿಂದ ನಿನ್ನೆ ಪ್ರಾರ್ಥನೆಮಾಡಿ ಇಂದು ತಿರಿಗಿ ಅತ್ತವಳು ತನ್ನ ವಿಶ್ವಾಸವು ಸುಳ್ಳೆಂದು ಹೆದರಬೇಕಾಗಿಲ್ಲ.

ಕರ್ತನಾದ ಯೇಸುವೂ ಇದನ್ನು ಬಲ್ಲನು. ಪರ್ಣಶಾಲೆಗಳ ಹಬ್ಬವು ಹತ್ತಿರವಾದಾಗ ಆತನ ಸ್ವಂತ ತಮ್ಮಂದಿರು ಆತನನ್ನು ನಂಬದೆ ಹಂಗಿಸಿದರೆಂದು ಯೋಹಾನನು ಬರೆದಿದ್ದಾನೆ. ಅವರು ಹಬ್ಬಕ್ಕೆ ಹೋದರು. ಆತನು ಗಲಿಲಾಯದಲ್ಲಿ ಉಳಿದು, ಅನಂತರ ಮರೆಯಾಗಿ ಹೊರಟನು. ಮನೆಯವರ ಸಂಗಡ ಹಬ್ಬಕ್ಕೆ ಹೋಗಲಾರದ ಸಂಕಟವು ಆತನಿಗೆ ಹೊಸದಲ್ಲ.

ನಮ್ಮ ನಾಡಿನಲ್ಲಿಯೂ ಇದರ ದೃಷ್ಟಾಂತವುಂಟು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಹೊಂದಿದಾಗ ಪಟ್ಟಣದಲ್ಲಿ ಗಲಿಬಿಲಿಯೆದ್ದಿತು. ಅವರ ಹೆಂಡತಿಯು ಅವರ ಸಂಗಡ ಬರಲಿಲ್ಲ. 1846ರಲ್ಲಿ ಅವರು ಮೋಗ್ಲಿಂಗ್ ದೊರೆಗಳ ಸಂಗಡ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಬೋಧಕದೀಕ್ಷೆ ಪಡೆದು ಮಂಗಳೂರಿಗೇ ಮರಳಿ ಸಭೆಯ ಸೇವೆಯಲ್ಲಿ ನಿಂತರು. ಯಾವ ಊರಿನ ಬಾಗಿಲುಗಳು ಮುಚ್ಚಿದ್ದವೋ ಆ ಊರಿಗೇ ಅವರು ಹಿಂದಿರುಗಿದರೆಂಬದು ನಮಗೆ ದೊಡ್ಡದಾಗಿ ಕಾಣುತ್ತದೆ.

ಇನ್ನು ಪೌಲನ ಮಾತು. ಸೆರೆಯಲ್ಲಿರುವ ಮುದುಕನು ತಿಮೊಥೆಯನಿಗೆ ಬರೆಯುತ್ತಾನೆ: ದೇಮನು ಬಿಟ್ಟುಹೋದನು, ಲೂಕನೊಬ್ಬನೇ ಇದ್ದಾನೆ, ಬೇಗ ಬಾ, ಮಾರ್ಕನನ್ನೂ ಕರೆದುಕೊಂಡು ಬಾ, ತ್ರೋವದಲ್ಲಿ ಬಿಟ್ಟ ಮೇಲಂಗಿಯನ್ನೂ ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮುಂಚೆಯೇ ಬಾ. ಕರ್ತನು ತನ್ನ ಹತ್ತಿರ ನಿಂತನೆಂದು ಸಾಕ್ಷಿ ಹೇಳುವವನೂ ಇವನೇ, ಅದೇ ಅಧ್ಯಾಯದಲ್ಲಿಯೇ. ಕರ್ತನು ಹತ್ತಿರವಿದ್ದಾನೆ, ಆದದರಿಂದ ಮನುಷ್ಯರು ಬೇಡವೆಂದು ಅವನು ಹೇಳಲಿಲ್ಲ. ಒಂಟಿಯಾಗಿರುವ ಸಹೋದರಿಯೇ, ಬಾ ಎಂದು ಹೇಳಿ ಕಳುಹಿಸುವದಕ್ಕೆ ನಾಚಬೇಡ. ದೀಕ್ಷಾಸ್ನಾನದ ನಿಮಿತ್ತ ಮಾತು ಬಿಟ್ಟ ಅಣ್ಣನಿದ್ದರೆ ಪೂಜೆಯ ದಿನವನ್ನು ಬಿಟ್ಟು ಮತ್ತೊಂದು ದಿನ ನೀನೇ ಹೋಗಿ ಅತ್ತಿಗೆಯ ಕ್ಷೇಮಸಮಾಚಾರ ಕೇಳು. ಬಾಗಿಲು ತೆರೆಯದೆ ಇರಬಹುದು. ಮುಂದಿನ ವರುಷ ಇನ್ನೊಮ್ಮೆ ಹೋಗು.

ಸಭೆಯವರಿಗೂ ಒಂದು ಮಾತು. ನೆಹೆಮೀಯನ ದಿನಗಳಲ್ಲಿ ಹಬ್ಬ ಮಾಡಿದವರು ಏನೂ ಸಿದ್ಧವಿಲ್ಲದವರಿಗೆ ಪಾಲು ಕಳುಹಿಸಬೇಕೆಂಬ ಅಪ್ಪಣೆಯಾಯಿತು (8:10). ನಾವೂ ಕಳುಹಿಸುತ್ತೇವೆ, ಹುಡುಗನ ಕೈಯಲ್ಲಿ ರೋಸ್‌ಕುಕ್ಕಿನ ಪೊಟ್ಟಣವನ್ನು ಕೊಟ್ಟು, ಜಗಲಿಯ ಮೇಲಿಟ್ಟು ಓಡಿಬಾ ಎನ್ನುತ್ತೇವೆ. ಇದು ಸಾಲದು. ಹೋಗಿ ಕೂತುಕೊಳ್ಳಿರಿ. ಸಾಧ್ಯವಿದ್ದರೆ ಅವಳ ಕೈಯಿಂದಲೇ ಅಡಿಗೆ ಮಾಡಿಸಿ ಉಣ್ಣಿರಿ. ಯಾಕಂದರೆ ಒಂಟಿಯಾದವಳಿಗೆ ತಿನ್ನುವದಕ್ಕಿಲ್ಲವೆಂಬದಕ್ಕಿಂತ ಬಡಿಸುವದಕ್ಕೆ ಯಾರೂ ಇಲ್ಲವೆಂಬ ನೋವು ಹೆಚ್ಚು.

ಈ ಪಾಠವನ್ನು ಕೂಟದಲ್ಲಿ ನಡಿಸುವ ಉಪದೇಶಿಗಳು, ಡಿಸೆಂಬರ್ 25ಕ್ಕೆ ಒಂದು ತಿಂಗಳು ಮುಂಚೆಯೇ, ಆ ದಿನ ಒಂದೇ ತಟ್ಟೆ ಹಾಕುವ ಮನೆಗಳು ಯಾವವೆಂದು ಸಭೆಯವರಿಂದಲೇ ಕೇಳಿ ಬರೆದುಕೊಳ್ಳಲಿ. ಆ ಹೆಸರಿನ ಎದುರಿಗೆ, ಅಲ್ಲಿ ಹೋಗಿ ಉಣ್ಣುವವರ ಹೆಸರನ್ನೂ ಬರೆಯಲಿ.