ಆಟದ ಫೋಟೊ ತೆಗೆಯಲು ಯಾವ ಕ್ಯಾಮೆರಾ? ಸಾಲ ಕೊಡುವ ಮೊದಲು ಒಂದು ಪಾಠ



ಹಸುವಿಗೆ ಸಾಲ, ಹೊಲಿಗೆ ಯಂತ್ರಕ್ಕೆ ಸಾಲ, ಮಗ್ಗದ ರಿಪೇರಿಗೆ ಸಾಲ, ಇವೆಲ್ಲ ನಮ್ಮ ಸಂಘಗಳಿಗೆ ಹೊಸದಲ್ಲ. ಆದರೆ ದೊಡ್ಡಬಳ್ಳಾಪುರದ ಕಡೆಯ ಒಂದು ಸಂಘದ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, "ಮಗಳಿಗೆ ಕ್ಯಾಮೆರಾ ಕೊಡಿಸಬೇಕು, ಅರವತ್ತು ಸಾವಿರ ಬೇಕು" ಅಂದಾಗ ಎಲ್ಲರೂ ನನ್ನ ಮುಖ ನೋಡಿದರು. ಆಕೆ ಪವರ್‌ಲೂಮ್‌ನಲ್ಲಿ ಕೆಲಸ ಮಾಡುವವರು. ಮಗಳು ಹೈಸ್ಕೂಲಿನಲ್ಲಿ ಕಬಡ್ಡಿ ಆಡುತ್ತಿದ್ದಳು, ಮೊಣಕಾಲಿಗೆ ಪೆಟ್ಟಾಗಿ ಆಟ ನಿಂತಿತು. ಈಗ ಶಾಲೆಗಳ ಕ್ರೀಡಾಕೂಟ, ಊರಿನ ಟೂರ್ನಮೆಂಟ್‌ಗಳ ಫೋಟೊ ತೆಗೆದು ದುಡಿಯುತ್ತೇನೆ ಅನ್ನುತ್ತಾಳೆ. ಅಂಗಡಿಯವರು ಕೊಟ್ಟ ಕೊಟೇಶನ್ ಕೈಯಲ್ಲೇ ಇತ್ತು: ಒಂದು ಕ್ಯಾಮೆರಾ, ಎರಡು ಲೆನ್ಸ್, ಬ್ಯಾಗು, ಟ್ರೈಪಾಡು.

"ಇದೆಲ್ಲ ಶೋಕಿ ಕಣಮ್ಮ, ಮೊಬೈಲ್‌ನಲ್ಲೇ ತೆಗೀಲಿ ಬಿಡು" ಎಂದು ನಾನು ಹೇಳಿಬಿಟ್ಟೆ. ಆ ಹುಡುಗಿ ನನ್ನ ಹತ್ತಿರ ಬಂದು, "ಸಿಸ್ಟರ್, ಹೋದ ವರ್ಷ ಮಹಿಳಾ ದಿನಾಚರಣೆಗೆ ನೀವು ತೆಗೆದ ಓಟದ ಫೋಟೊ ಹೇಗೆ ಬಂದಿತ್ತು?" ಎಂದು ಮೆಲ್ಲಗೆ ಕೇಳಿದಳು. ನನಗೆ ನಾಚಿಕೆಯಾಯಿತು. ಹಗ್ಗಜಗ್ಗಾಟದ ಫೋಟೊ ಏನೋ ಪರವಾಗಿಲ್ಲ, ಆದರೆ ಓಟದ ಸ್ಪರ್ಧೆಯಲ್ಲಿ ಯಾರ ಮುಖವೂ ಕಾಣದೆ ಎಲ್ಲರೂ ಹೊಗೆಯ ಹಾಗೆ ಬಂದಿದ್ದರು. ಆಮೇಲೆ ಪರಿಚಯದ ಒಬ್ಬ ಸ್ಟುಡಿಯೋದವರ ಬಳಿ ಎರಡು ಮಧ್ಯಾಹ್ನ ಕೂತು ನಾನೇ ಪಾಠ ಕಲಿತೆ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಫೋಟೊ ಯಾಕೆ ಹೊಗೆಯಾಗುತ್ತದೆ?

ಕ್ಯಾಮೆರಾದೊಳಗೆ ಶಟರ್ ಅಂತ ಒಂದು ಬಾಗಿಲು. ಅದು ತೆರೆದಿರುವಷ್ಟು ಹೊತ್ತು ಎದುರಿಗಿರುವವರು ಏನು ಮಾಡಿದರೂ ಎಲ್ಲಾ ಫೋಟೊದಲ್ಲಿ ಸೇರಿಕೊಳ್ಳುತ್ತದೆ. ಒಂದು ಸೆಕೆಂಡನ್ನು ಅರವತ್ತು ಭಾಗ ಮಾಡಿ ಅದರಲ್ಲಿ ಒಂದು ಭಾಗ, ಅಂದರೆ 1/60 ಸೆಕೆಂಡ್, ಬಾಗಿಲು ತೆರೆದರೆ ನಿಂತವರು ಚೆನ್ನಾಗಿ ಬರುತ್ತಾರೆ, ಓಡುವವರು ಬರುವುದಿಲ್ಲ. ಓಟಕ್ಕೆ, ಕಬಡ್ಡಿಗೆ ಕಡಿಮೆ ಅಂದರೂ 1/500 ಬೇಕು. ಉದ್ದ ಜಿಗಿತ, ವಾಲಿಬಾಲ್ ಹೊಡೆತ, ಬ್ಯಾಟಿಗೆ ತಾಗುವ ಚೆಂಡು, ಇವಕ್ಕೆ 1/1000.

ಕುದುರೆ ಓಡುವಾಗ ನಾಲ್ಕು ಕಾಲೂ ಒಟ್ಟಿಗೆ ನೆಲ ಬಿಡುತ್ತವೆಯೋ ಇಲ್ಲವೋ ಎಂಬುದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬುವರು ಸಾಲಾಗಿ ಕ್ಯಾಮೆರಾ ಇಟ್ಟು, ವೇಗವಾದ ಶಟರ್‌ನಿಂದ ಫೋಟೊ ತೆಗೆದು, ನೆಲ ಬಿಡುತ್ತವೆ ಅಂತ ತೋರಿಸಿದರು. ಆಟದ ಫೋಟೊ ಅಂದರೆ ಇವತ್ತಿಗೂ ಇದೇ ಕೆಲಸ.

ತೊಂದರೆ ಇರುವುದು ಇಲ್ಲಿ: ಬಾಗಿಲು ಬೇಗ ಮುಚ್ಚಿದರೆ ಬೆಳಕು ಒಳಗೆ ಬರುವುದು ಕಡಿಮೆ. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಲ್ಲಿ ಶಾಲಾ ಕ್ರೀಡಾಕೂಟಕ್ಕೆ ಇದು ಸಮಸ್ಯೆಯೇ ಅಲ್ಲ. ಆದರೆ ನಮ್ಮ ಕಡೆ ಕಬಡ್ಡಿ ಟೂರ್ನಮೆಂಟ್ ಶುರುವಾಗುವುದೇ ರಾತ್ರಿ, ನಾಲ್ಕು ಕಂಬಕ್ಕೆ ಲೈಟು ಕಟ್ಟಿ. ನಮ್ಮ ಕಣ್ಣಿಗೆ ಅದು ಹಗಲಿನ ಹಾಗೆ ಕಂಡರೂ ಕ್ಯಾಮೆರಾಗೆ ಅದು ಬರೀ ಮಬ್ಬು.

ದುಡ್ಡು ಲೆನ್ಸಿಗೆ ಹಾಕಿ

ಬೆಳಕು ಒಳಗೆ ಬಿಡುವುದು ಲೆನ್ಸಿನ ಬಾಯಿ. ಅದರ ಅಳತೆಯನ್ನು ಎಫ್ ಸಂಖ್ಯೆಯಲ್ಲಿ ಬರೆದಿರುತ್ತಾರೆ. ಈ ಲೆಕ್ಕ ಸ್ವಲ್ಪ ಉಲ್ಟಾ. ಹತ್ತಿ ನೂಲಿನ ಕೌಂಟ್ ಹೆಚ್ಚಾದಷ್ಟು ಎಳೆ ಸಣ್ಣದಾಗುತ್ತದಲ್ಲ, ಹಾಗೇ ಎಫ್ ಸಂಖ್ಯೆ ಹೆಚ್ಚಾದಷ್ಟು ಬಾಯಿ ಚಿಕ್ಕದು. ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸನ್ನು ಪೂರ್ತಿ ಝೂಮ್ ಮಾಡಿದಾಗ ಬಾಯಿ ಎಫ್ 5.6. ಅದೇ 50 ಎಂಎಂ ಎಫ್ 1.8 ಅಂತ ಒಂದು ಪುಟ್ಟ ಲೆನ್ಸ್ ಇದೆ, ಅಂಗೈಯಲ್ಲಿ ಹಿಡಿಸುತ್ತದೆ. ಅದು ಹೆಚ್ಚು ಕಡಿಮೆ ಹತ್ತರಷ್ಟು ಬೆಳಕು ಬಿಡುತ್ತದೆ. ಕಂಪನಿಗಳ ಲೆನ್ಸ್‌ಗಳಲ್ಲೇ ಅಗ್ಗದವುಗಳ ಸಾಲಿನಲ್ಲಿ ಬರುವುದೂ ಇದೇ.

ಇನ್ನೊಂದು ದಾರಿ ಐಎಸ್‌ಒ ಹೆಚ್ಚಿಸುವುದು. ಅದು ರೇಡಿಯೋದ ದನಿ ಏರಿಸಿದ ಹಾಗೆ. ಮಾತು ಜೋರಾಗಿ ಕೇಳಿಸುತ್ತದೆ, ಜೊತೆಗೆ ಗೊರಗೊರ ಶಬ್ದವೂ ಜೋರಾಗುತ್ತದೆ. ಫೋಟೊದಲ್ಲಿ ಆ ಗೊರಗೊರ ಮರಳಿನ ಕಾಳಿನಂತೆ ಕಾಣುತ್ತದೆ. 50 ಎಂಎಂ ಲೆನ್ಸಿಗೆ ಐಎಸ್‌ಒ 1600 ಸಾಕಾಗುವ ಕಡೆ ಕಿಟ್ ಲೆನ್ಸಿಗೆ 16,000ದ ಹತ್ತಿರ ಬೇಕು. ಹೊಸಬರು ಹೆಚ್ಚಾಗಿ ಕೊಳ್ಳುವ ಕ್ಯಾನನ್ 1500ಡಿಯಲ್ಲಿ ಎಷ್ಟು ಏರಿಸಿದರೂ 12,800 ದಾಟುವುದಿಲ್ಲ. ಆ ಕಿಟ್ ಲೆನ್ಸ್ ಹಿಡಿದು ರಾತ್ರಿ ಕಬಡ್ಡಿಗೆ ಹೋದರೆ ಹುಡುಗಿ ಬರಿಗೈಯಲ್ಲಿ ವಾಪಸು ಬರುತ್ತಾಳೆ, ತಪ್ಪು ಅವಳದ್ದಲ್ಲದಿದ್ದರೂ.

ಆದ್ದರಿಂದ ಬಾಡಿ, ಅಂದರೆ ಕ್ಯಾಮೆರಾದ ಪೆಟ್ಟಿಗೆ, ಸಾಧಾರಣದ್ದೇ ಇರಲಿ, ಹಳೆಯದಾದರೂ ಇರಲಿ. ಉಳಿಸಿದ ದುಡ್ಡು ಲೆನ್ಸಿಗೆ ಹೋಗಲಿ ಎಂಬುದು ನನ್ನ ಅಭಿಪ್ರಾಯ. ಅಂಗಡಿಯಲ್ಲಿ ಇದರ ಉಲ್ಟಾ ಹೇಳುತ್ತಾರೆ, ಮೆಗಾಪಿಕ್ಸೆಲ್ ಲೆಕ್ಕ ತೋರಿಸುತ್ತಾರೆ. ಈ ಕೆಲಸಕ್ಕೆ ಮೆಗಾಪಿಕ್ಸೆಲ್ ಈಗಿನ ಎಲ್ಲಾ ಕ್ಯಾಮೆರಾಗಳಲ್ಲೂ ಬೇಕಾದ್ದಕ್ಕಿಂತ ಹೆಚ್ಚೇ ಇದೆ.

ಎಷ್ಟು ದೂರದಿಂದ?

ಲೆನ್ಸ್ ಆರಿಸುವ ಮೊದಲು ಯಾವ ಆಟ, ಎಲ್ಲಿ ನಿಲ್ಲಲು ಬಿಡುತ್ತಾರೆ ಎಂದು ಕೇಳಬೇಕು. ಹೆಣ್ಣುಮಕ್ಕಳ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ, ಗಂಡಸರದು 13ಕ್ಕೆ 10. ಹಿಂದಿನ ಗೆರೆಯಿಂದ ಎರಡು ಮೀಟರ್ ದೂರ ಕೂತರೆ ರೈಡರ್ ಐದಾರು ಮೀಟರ್‌ನಲ್ಲೇ ಎದುರಿಗೆ ಬರುತ್ತಾಳೆ. ಸಣ್ಣ ಸೆನ್ಸರ್‌ನ ಸಾಧಾರಣ ಕ್ಯಾಮೆರಾಗೆ 50 ಎಂಎಂ ಹಾಕಿದರೆ ಆರು ಮೀಟರ್‌ನಲ್ಲಿ ಎರಡೂವರೆ ಮೀಟರ್ ಚಿಲ್ಲರೆ ಅಗಲ ಹಿಡಿಯುತ್ತದೆ. ರೈಡರ್ ಮತ್ತು ಅವಳನ್ನು ಹಿಡಿಯಲು ಬರುವ ಇಬ್ಬರು, ಅಷ್ಟೇ ತಾನೆ ಬೇಕಾದ್ದು! ಖೋ ಖೋಗೂ ಈ ಲೆನ್ಸ್ ನಡೆಯುತ್ತದೆ, ಕಂಬದ ಹತ್ತಿರ ಜಾಗ ಸಿಕ್ಕಿದರೆ.

ಕ್ರಿಕೆಟ್ ಬೇರೆ. ಬೌಂಡರಿ ಗೆರೆಯಿಂದ ಪಿಚ್ಚಿಗೆ ಐವತ್ತು ಅರವತ್ತು ಮೀಟರ್. ಅಲ್ಲಿ 50 ಎಂಎಂ ಲೆನ್ಸಿಗೆ ಬ್ಯಾಟ್ಸ್‌ಮನ್ ಇರುವೆಯ ಹಾಗೆ. 55-250 ಝೂಮ್ ಲೆನ್ಸ್ ಇದ್ದರೆ ಬ್ಯಾಟ್ಸ್‌ಮನ್, ಕೀಪರ್ ಚೆನ್ನಾಗಿ ಬರುತ್ತಾರೆ. ಅದರ ಬಾಯಿ ಚಿಕ್ಕದು, ಹಗಲಿಗೆ ಮಾತ್ರ. ಶಾಲೆಯ ಓಟ, ಜಿಗಿತಕ್ಕೂ ಇದೇ ಸರಿ. ಹಗಲಿಗೆ ಈ ಝೂಮ್, ರಾತ್ರಿಗೆ ಆ 50, ಇವೆರಡಿದ್ದರೆ ನಮ್ಮ ತಾಲ್ಲೂಕುಗಳಲ್ಲಿ ನಡೆಯುವ ಆಟಗಳಿಗೆ ಸಾಕು. ಪತ್ರಿಕೆಯವರು ಹಿಡಿಯುವ 70-200 ಎಫ್ 2.8 ಲೆನ್ಸ್ ರಾತ್ರಿಗೂ ಹಗಲಿಗೂ ಆಗುತ್ತದೆ, ಆದರೆ ಅದೊಂದೇ ಹಸುವಿನ ಬೆಲೆ ದಾಟುತ್ತದೆ. ದೊಡ್ಡ ಕೆಲಸ ಸಿಕ್ಕಿದ ದಿನ ಬೆಂಗಳೂರಿನಲ್ಲಿ ಬಾಡಿಗೆಗೆ ತರಬಹುದು. ದಿನದ ಬಾಡಿಗೆಗೆ ಲೆನ್ಸ್ ಕೊಡುವವರಿದ್ದಾರೆ, ಗುರುತಿನ ಚೀಟಿ ಮತ್ತು ಡಿಪಾಸಿಟ್ ಕೇಳುತ್ತಾರೆ.

ಒಂದು ಮೋಸ ಹೋಗುವ ಜಾಗ ಇದೆ, ಗಮನಿಸಿ. ನಿಕಾನ್ ಕಂಪನಿಯ ಡಿ3500, ಡಿ5600 ತರಹದ ಸಣ್ಣ ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಹಳೆಯ 'ಎಎಫ್-ಡಿ' ಲೆನ್ಸ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಅದು ತಾನಾಗಿ ಫೋಕಸ್ ಮಾಡುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ಕಬಡ್ಡಿಯಲ್ಲಿ ಅದು ಆಗುವ ಮಾತಲ್ಲ. ಲೆನ್ಸ್ ಮೇಲೆ 'ಎಎಫ್-ಎಸ್' ಅಂತ ಇರಬೇಕು.

ಸೆಕೆಂಡಿಗೆ ಎಷ್ಟು ಫೋಟೊ ಎಂಬುದೂ ಒಂದು ಲೆಕ್ಕ. ಕ್ಯಾನನ್ 1500ಡಿಯಲ್ಲಿ 3, ನಿಕಾನ್ ಡಿ3500ರಲ್ಲಿ 5, ಸೋನಿ ಎ6000 ತರಹದ ಮಿರರ್‌ಲೆಸ್ ಕ್ಯಾಮೆರಾದಲ್ಲಿ 11. ಹೆಚ್ಚಿದ್ದರೆ ಒಳ್ಳೆಯದೇ. ಆದರೆ ಆ ಹುಡುಗಿ ಹೇಳಿದ ಮಾತು ನನಗೆ ಹಿಡಿಸಿತು: "ರೈಡರ್ ಯಾವಾಗ ಬೋನಸ್ ಗೆರೆಗೆ ಕಾಲು ಹಾಕ್ತಾಳೆ ಅಂತ ಅವಳ ಸೊಂಟ ನೋಡಿದ್ರೇ ನಂಗೆ ಗೊತ್ತಾಗುತ್ತೆ ಸಿಸ್ಟರ್." 2012ರಲ್ಲಿ ಪಾಟ್ನಾದಲ್ಲಿ ಮೊದಲ ಮಹಿಳಾ ಕಬಡ್ಡಿ ವಿಶ್ವಕಪ್ ಗೆದ್ದ ನಮ್ಮ ದೇಶದ ತಂಡಕ್ಕೆ ನಾಯಕಿಯಾಗಿದ್ದವರು ಕರ್ನಾಟಕದ ಮಮತಾ ಪೂಜಾರಿ. ಅವರ ಪೇಪರ್ ಫೋಟೊ ಕತ್ತರಿಸಿ ಇಟ್ಟುಕೊಂಡವಳು ಇವಳು. ಆಟ ಗೊತ್ತಿದ್ದವರಿಗೆ ಸೆಕೆಂಡಿಗೆ ಮೂರು ಫೋಟೊ ಸಾಕು, ಗೊತ್ತಿಲ್ಲದವರಿಗೆ ಹನ್ನೊಂದೂ ಸಾಲದು.

ಹಳೆಯದು ಕೊಳ್ಳುವುದಾದರೆ

ಹಸು ಕೊಳ್ಳುವಾಗ ಹಲ್ಲು ನೋಡಿ, ಎರಡು ಹೊತ್ತು ಹಾಲು ಕರೆಸಿ ನೋಡುತ್ತೇವಲ್ಲ, ಇದೂ ಹಾಗೇ. ಶಟರ್ ಎಷ್ಟು ಸಲ ಬಡಿದಿದೆ ಎಂಬ ಲೆಕ್ಕ ಕೇಳಿ. ಡಿ3500ರ ಶಟರನ್ನು ಕಂಪನಿ ಒಂದು ಲಕ್ಷ ಸಲಕ್ಕೆ ಪರೀಕ್ಷಿಸಿದೆ. ಎಂಬತ್ತು ಸಾವಿರ ದಾಟಿದ್ದರೆ ನಾನಾದರೆ ಬೇಡ ಅನ್ನುತ್ತೇನೆ. ಲೆನ್ಸಿನ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂತೆ ಕಂಡರೆ ಅದು ಬೂಷ್ಟು, ಬಿಟ್ಟುಬಿಡಿ. ಅಂಗಡಿಯ ಮುಂದೆ ಓಡಾಡುವ ಬೈಕುಗಳ ಐವತ್ತು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಮೂಲ ಬಿಲ್ಲಿನ ನಂಬರೂ ಕ್ಯಾಮೆರಾದ ಕೆಳಗಿನ ನಂಬರೂ ಒಂದೇ ಇರಬೇಕು, ಇಲ್ಲದಿದ್ದರೆ ಕದ್ದ ಮಾಲಿನ ತಲೆನೋವು.

ಟ್ರೈಪಾಡ್ ಈ ಕೆಲಸಕ್ಕೆ ಬೇಡ, ಓಡುವ ಆಟದಲ್ಲಿ ಮೂರು ಕಾಲು ಅಡ್ಡಿಯೇ. ಆ ದುಡ್ಡಿಗೆ ಇನ್ನೊಂದು ಬ್ಯಾಟರಿ, ಒಳ್ಳೆ ಕಂಪನಿಯ 32 ಜಿಬಿ ಕಾರ್ಡ್ ಎರಡು ಬರಲಿ. ಒಂದರಲ್ಲಿ ಸುಮಾರು 3,000 ಫೋಟೊ ಹಿಡಿಸುತ್ತದೆ. ಮೈದಾನದ ಕೆಂಪು ಧೂಳಿನಲ್ಲಿ ಲೆನ್ಸ್ ಬದಲಾಯಿಸಬಾರದು. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬೇಕು. ರಾತ್ರಿ ಲೈಟುಗಳು ಕಣ್ಣಿಗೆ ಕಾಣದಷ್ಟು ಬೇಗ ಮಿಟುಕುತ್ತಿರುತ್ತವೆ, ಅದರಿಂದ ಒಂದು ಫೋಟೊ ಬೆಳ್ಳಗೆ, ಮುಂದಿನದು ಕಪ್ಪಗೆ ಬರಬಹುದು. ಕ್ಯಾಮೆರಾ ಕೆಟ್ಟಿದೆ ಅಂತ ಹೆದರಬೇಡಿ. ಕೆಲವು ಕ್ಯಾಮೆರಾಗಳಲ್ಲಿ ಇದನ್ನು ಸರಿ ಮಾಡುವ ಸೆಟ್ಟಿಂಗ್ ಇದೆ, ಇಲ್ಲದಿದ್ದರೆ ಹೆಚ್ಚು ಫೋಟೊ ತೆಗೆದು ಆರಿಸಿಕೊಳ್ಳಬೇಕು.

ಸಾಲದ ಲೆಕ್ಕ

ಅರವತ್ತು ಸಾವಿರವನ್ನು 20 ತಿಂಗಳಿಗೆ, ನೂರಕ್ಕೆ ಒಂದು ರೂಪಾಯಿ ಬಡ್ಡಿಗೆ ಕೊಟ್ಟರೆ ಮೊದಲ ಕಂತು ಅಸಲು 3,000, ಬಡ್ಡಿ 600, ಒಟ್ಟು 3,600. ನಲವತ್ತು ಸಾವಿರವಾದರೆ 2,000 ಮತ್ತು 400, ಅಂದರೆ 2,400. ಕಂತು ಪ್ರತಿ ತಿಂಗಳೂ ಬರುತ್ತದೆ, ಆಟ ಬರುವುದಿಲ್ಲ. ಶಾಲೆಗಳ ಹೋಬಳಿ, ತಾಲ್ಲೂಕು ಕ್ರೀಡಾಕೂಟ ಮಳೆಗಾಲದ ಆಸುಪಾಸು, ಶಾಲಾ ವಾರ್ಷಿಕ ಕ್ರೀಡೆ ಚಳಿಗಾಲದಲ್ಲಿ, ಊರಿನ ಟೂರ್ನಮೆಂಟ್ ರಾಜ್ಯೋತ್ಸವಕ್ಕೆ, ಸುಗ್ಗಿ ಮತ್ತು ಜಾತ್ರೆ ಸಮಯಕ್ಕೆ. ಏಪ್ರಿಲ್, ಮೇ ಕಳೆದು ಶಾಲೆ ತೆರೆಯುವ ಹೊತ್ತಿಗೆ ಕೈ ಖಾಲಿ. ಆ ತಿಂಗಳು ಕಂತು ಯಾವ ದುಡ್ಡಿನಲ್ಲಿ? ಮಗ್ಗದ ಕೂಲಿಯಿಂದಲೇ ಅಂದರೆ ತಾಯಿಯ ಊಟ ಕಡಿಮೆಯಾಗುತ್ತದೆ, ಅದು ನಮಗೆಲ್ಲ ಗೊತ್ತಿರುವ ವಿಷಯ. ಸುಗ್ಗಿಯಲ್ಲಿ ಹೆಚ್ಚು, ಬೇಸಿಗೆಯಲ್ಲಿ ಬಡ್ಡಿ ಮಾತ್ರ, ಹೀಗೆ ಕಂತು ಕಟ್ಟಲು ಸಂಘ ಒಪ್ಪಬಹುದು. ಒಪ್ಪಿದರೆ ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

ಕೆಲಸ ಸಿಗುತ್ತದೆಯೇ ಎಂದು ಮೊದಲು ನೋಡುವುದೂ ಒಳ್ಳೆಯದು. ಬಹುಮಾನ ವಿತರಣೆ, ತಂಡದ ಗುಂಪು ಫೋಟೊ, ಹಗಲಿನ ಹತ್ತಿರದ ಆಟ ಇವು ಮೊಬೈಲ್‌ನಲ್ಲಿ ಚೆನ್ನಾಗೇ ಬರುತ್ತವೆ. ಝೂಮ್ ಮಾತ್ರ ಮಾಡಬಾರದು. ಮೂರು ಕ್ರೀಡಾಕೂಟಕ್ಕೆ ಹೀಗೆ ಹೋಗಿ, ಯಾರು ದುಡ್ಡು ಕೊಟ್ಟು ಫೋಟೊ ಕೊಂಡರು ಎಂದು ಬರೆದಿಡಲಿ.

ಹೆಣ್ಣುಮಕ್ಕಳ ಆಟಕ್ಕೆ ಮಹಿಳೆ ಫೋಟೊ ತೆಗೆಯುವುದಾದರೆ ತಂದೆತಾಯಿಗೆ ಧೈರ್ಯ, ಇದು ಆ ಹುಡುಗಿಯ ದೊಡ್ಡ ಬಂಡವಾಳ. ಅದು ಉಳಿಯಬೇಕಾದರೆ ಮುಖ್ಯೋಪಾಧ್ಯಾಯರಿಂದ ಬರವಣಿಗೆಯಲ್ಲಿ ಅನುಮತಿ ಇರಲಿ. ಬಿದ್ದಾಗ, ಬಟ್ಟೆ ಸರಿದಾಗ ಬಂದ ಫೋಟೊಗಳನ್ನು ಅಲ್ಲೇ ಅಳಿಸಲಿ. ಮಕ್ಕಳ ಫೋಟೊ ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದು ಬೇಡ.

ಆ ಸಂಘ ಇನ್ನೂ ತೀರ್ಮಾನ ಮಾಡಿಲ್ಲ. ಮುಂದಿನ ಸಭೆಗೆ ತಾಯಿ, ಮಗಳು ಇಬ್ಬರೂ ಎರಡು ಅಂಗಡಿಯ ಹೊಸ ಕೊಟೇಶನ್ ತರುತ್ತಾರೆ, ಈ ಸಲ ಟ್ರೈಪಾಡ್ ಇಲ್ಲದೆ. ನಾನೂ ಹೋಗುತ್ತಿದ್ದೇನೆ.

ನಿಮ್ಮ ಸಭೆಯಲ್ಲಿ ಚರ್ಚಿಸಿ:
ನಿಮ್ಮ ಸುತ್ತಲಿನ ಊರುಗಳಲ್ಲಿ ವರ್ಷಕ್ಕೆ ಎಷ್ಟು ಕ್ರೀಡಾಕೂಟ, ಟೂರ್ನಮೆಂಟ್ ನಡೆಯುತ್ತವೆ? ಹಗಲೋ, ರಾತ್ರಿಯೋ?
ದುಡಿಮೆ ಕೆಲವೇ ತಿಂಗಳು ಇರುವ ಕೆಲಸಕ್ಕೆ ನಿಮ್ಮ ಸಂಘ ಕಂತನ್ನು ಹೇಗೆ ಗೊತ್ತು ಮಾಡುತ್ತದೆ?