ಮೊಲದ ಊಟದ ಆತುರ: ನಿಧಾನ ಮಾಡಿಸೋದು ಹೇಗೆ?

ನಾಲ್ಕನೇ ಸೆಮಿಸ್ಟರ್, ಎರಡನೇ ಇಂಟರ್ನಲ್ಸ್‌ನ ಹಿಂದಿನ ರಾತ್ರಿ. ಕಾಲೇಜಿನ ಹತ್ತಿರದ ಬಾಡಿಗೆ ಮನೆಯಲ್ಲಿ ನಾವು ಮೂವರಿದ್ದೆವು. ನಾಲ್ಕನೆಯವನು ಬೆಣ್ಣೆ, 2 ಕೆ.ಜಿ. ತೂಕದ ಬಿಳಿ ಮೊಲ. ಬೆಳಿಗ್ಗೆ ಮನೆ ಬಿಟ್ಟವರು ಲೈಬ್ರರಿ ಮುಗಿಸಿ ಒಂಬತ್ತು ಗಂಟೆಗೆ ಬಂದು, ಪಾಪ ಹಸಿದಿರುತ್ತೆ ಅಂತ ಬಟ್ಟಲ ತುಂಬ ಪೆಲೆಟ್ ಸುರಿದೆವು. ಎರಡೇ ನಿಮಿಷದಲ್ಲಿ ಬಟ್ಟಲು ಖಾಲಿ. ಆಮೇಲೆ ಬೆಣ್ಣೆ ತಲೆ ಎತ್ತಿ, ಮೂಗನ್ನು ಸೂರಿನ ಕಡೆ ಮಾಡಿ, ಬಾಯಿಂದ ಜೊಲ್ಲು ಸುರಿಸುತ್ತಾ ನಿಂತುಬಿಟ್ಟ. ಉಸಿರಿನಲ್ಲಿ ಗೊರಗೊರ ಸದ್ದು.

ಆಟೋದಲ್ಲಿ ಹೋಗುವಾಗಲೇ ಸಿಕ್ಕಿಕೊಂಡದ್ದು ಕೆಳಗಿಳಿಯಿತು, ಅದು ನಮ್ಮ ಪುಣ್ಯ. ಪಶುವೈದ್ಯರು ಪರೀಕ್ಷೆ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ದಿನಕ್ಕೆ ಹುಲ್ಲು ಎಷ್ಟು ಹಾಕ್ತೀರಪ್ಪಾ?" ನಾವು ಮುಖ ಮುಖ ನೋಡಿಕೊಂಡೆವು. ಹುಲ್ಲು ಹಾಕಬೇಕು ಅನ್ನೋದೇ ನಮಗೆ ಗೊತ್ತಿರಲಿಲ್ಲ.

ಆ ರಾತ್ರಿಯಿಂದ ಕಲಿತದ್ದನ್ನು ಇಲ್ಲಿ ಪಾಠದಂತೆ ಬರೆದಿದ್ದೇನೆ. ರೂಮಿನಲ್ಲೋ ಊರಿನ ಮನೆಯಲ್ಲೋ ಮೊಲ ಸಾಕಿರುವವರು ದಯವಿಟ್ಟು ಪೂರ್ತಿ ಓದಿ.

1. ಮೊದಲು ಒಳಗಿನ ಯಂತ್ರ ಅರ್ಥವಾಗಲಿ

ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಮೊಲದ ಜೀರ್ಣಾಂಗ ಬ್ಯಾಚ್ ಪ್ರೊಸೆಸ್ ಅಲ್ಲ, ಕಂಟಿನ್ಯುಯಸ್ ಪ್ರೊಸೆಸ್. ನಾವು ಮೆಸ್ಸಿನಲ್ಲಿ ಮೂರು ಹೊತ್ತು ತಿಂದು ಸುಮ್ಮನಾಗುತ್ತೇವೆ. ಮೊಲ ಹಾಗಲ್ಲ, ಹಗಲು ರಾತ್ರಿ ಸ್ವಲ್ಪ ಸ್ವಲ್ಪವೇ ನಾರು ಮೇಯುತ್ತಾ ಇರಬೇಕು. ದೊಡ್ಡ ಕರುಳಿನಲ್ಲಿ ಒಂದು ಸೆಪರೇಟರ್ ಇದೆ ಅಂದುಕೊಳ್ಳಿ. ದಪ್ಪ ನಾರು ಬೇಗ ಮುಂದೆ ಸಾಗಿ ಗಟ್ಟಿ ಹಿಕ್ಕೆಯಾಗಿ ಹೊರಗೆ ಬರುತ್ತದೆ. ಸಣ್ಣ ಕಣಗಳು ಹಿಂದಕ್ಕೆ ಸರಿದು ಸೀಕಮ್ ಎಂಬ ಚೀಲ ಸೇರುತ್ತವೆ. ಅಲ್ಲಿ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸುತ್ತವೆ. ಹಾಗೆ ತಯಾರಾದ ಮೆತ್ತನೆಯ ಉಂಡೆಗಳನ್ನು ಮೊಲ ಮತ್ತೆ ತಿನ್ನುತ್ತದೆ. ನೋಡಿ ಅಸಹ್ಯ ಪಡಬೇಡಿ, ತಡೆಯಲೂಬೇಡಿ. ಅದರ ಪ್ರೋಟೀನ್ ಮತ್ತು ವಿಟಮಿನ್ ಬರುವ ದಾರಿಗಳಲ್ಲಿ ಅದೂ ಒಂದು.

ಈ ಲೈನ್ ಓಡಲು ನಾರು ಬೇಕೇ ಬೇಕು. ನಾರು ನಿಂತರೆ ಕರುಳೇ ನಿಲ್ಲುತ್ತದೆ. ಜೊತೆಗೆ ಇನ್ನೆರಡು ಮಿತಿಗಳಿವೆ. ಒಂದು, ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಗಿಳಿದದ್ದು ವಾಪಸ್ ಬರೋ ಮಾತೇ ಇಲ್ಲ. ಎರಡು, ಅದು ಉಸಿರಾಡುವುದು ಮೂಗಿನಿಂದ. ಮೊಲ ಬಾಯಿ ತೆರೆದು ಉಸಿರಾಡುತ್ತಿದೆ ಅಂದ್ರೆ ಪರಿಸ್ಥಿತಿ ತೀರಾ ಕೆಟ್ಟಿದೆ ಅಂತಲೇ ಅರ್ಥ.

2. ಆತುರ ಯಾಕೆ?

ಬೆಣ್ಣೆಯ ವಿಷಯದಲ್ಲಿ ತಪ್ಪು ಪೂರ್ತಿ ನಮ್ಮದೇ. ಹನ್ನೆರಡು ಗಂಟೆ ಖಾಲಿ ಬಿಟ್ಟು, ಆಮೇಲೆ ರುಚಿಯಾದ ಒಣ ಪೆಲೆಟ್ಟನ್ನು ಒಂದೇ ಸಲ ಇಟ್ಟರೆ ಯಾವ ಪ್ರಾಣಿ ತಾನೇ ನಿಧಾನವಾಗಿ ತಿನ್ನುತ್ತೆ? ಹುಲ್ಲನ್ನು ಹಲ್ಲಿನಲ್ಲಿ ಅಡ್ಡಡ್ಡ ಅರೆಯಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಪೆಲೆಟ್ ಹಾಗಲ್ಲ, ನಾಲ್ಕು ಸಲ ಅಗಿದರೆ ಪುಡಿ, ಅವಸರ ಮಾಡಿದರೆ ಪುಡಿಯೂ ಆಗದೆ ಗಂಟಲಿಗೆ. ಒದ್ದೆಯಾದರೆ ಉಬ್ಬುವ ಗುಣ ಬೇರೆ. ಎರಡು ಮೊಲಗಳಿಗೆ ಒಂದೇ ಬಟ್ಟಲಿದ್ದರೆ ಪೈಪೋಟಿಯಿಂದಲೂ ವೇಗ ಹೆಚ್ಚುತ್ತದೆ.

3. ನಾವು ಮಾಡಿದ ಬದಲಾವಣೆಗಳು

*ಹುಲ್ಲು ಮೊದಲು.* ಒಣಹುಲ್ಲು ದಿನದ 24 ಗಂಟೆಯೂ ಇರಬೇಕು. ದಿನಕ್ಕೆ ಕನಿಷ್ಠ ಮೊಲದ ಮೈಯಷ್ಟು ದೊಡ್ಡ ರಾಶಿ ಅಂತ ಲೆಕ್ಕ ಇಟ್ಟುಕೊಳ್ಳಿ. ಟಿಮೊತಿ ಹುಲ್ಲಿನ ಪ್ಯಾಕೆಟ್ ನಮ್ಮ ಜೇಬಿಗೆ ಭಾರ. ಹಾಗಾಗಿ ಅದರ ಜೊತೆಗೆ ಔಷಧಿ ಹೊಡೆಯದ ಜಾಗದ ಗರಿಕೆಯನ್ನು ತೊಳೆದು ಕೊಡುತ್ತೇವೆ. ಕುದುರೆ ಮಸಾಲೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಮತ್ತು ಪ್ರೋಟೀನ್ ಜಾಸ್ತಿ. ಅದು ಮರಿಗಳಿಗೆ ಸರಿ, ಬೆಳೆದ ಮೊಲಕ್ಕೆ ದಿನಾ ಬೇಡ. ಹೊಟ್ಟೆಯಲ್ಲಿ ಹುಲ್ಲಿದ್ದರೆ ಪೆಲೆಟ್ ಮೇಲಿನ ದಾಳಿ ತಾನೇ ಕಡಿಮೆಯಾಗುತ್ತದೆ.

*ಪೆಲೆಟ್‌ಗೆ ಮಿತಿ.* ಬೆಳೆದ ಮೊಲಕ್ಕೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 25 ಗ್ರಾಂ ಮೀರಬಾರದು. ಬೆಣ್ಣೆಗೆ ಅಂದರೆ 50 ಗ್ರಾಂ. ಅದನ್ನೂ ಒಂದೇ ಸಲ ಕೊಡದೆ ಬೆಳಿಗ್ಗೆ ಎರಡು, ಸಂಜೆ ಎರಡು ಕಂತು ಮಾಡಿದೆವು. ಮೊಲ ಚುರುಕಾಗಿರೋದು ಮುಂಜಾನೆ ಮತ್ತು ಮುಸ್ಸಂಜೆ ಹೊತ್ತಿನಲ್ಲಿ. ಆ ಸಮಯಕ್ಕೇ ಕೊಟ್ಟರೆ ಒಳ್ಳೆಯದು.

*ಇಡ್ಲಿ ತಟ್ಟೆ.* ಬಟ್ಟಲಿನ ಬದಲು ಹಳೇ ಇಡ್ಲಿ ತಟ್ಟೆ ಇಟ್ಟೆವು. ಒಂದೊಂದು ಗುಳಿಗೆ ನಾಲ್ಕೈದೇ ಪೆಲೆಟ್. ಒಂದು ಮುಗಿಸಿ ಇನ್ನೊಂದಕ್ಕೆ ಮೂಗು ಸರಿಸಬೇಕು. ಇದಕ್ಕಿಂತ ಅಗ್ಗದ ಫ್ಲೋ ಕಂಟ್ರೋಲರ್ ಸಿಗಲಿಕ್ಕಿಲ್ಲ! ಇಡ್ಲಿ ತಟ್ಟೆ ಇಲ್ಲವೆಂದರೆ ಅಗಲವಾದ ಬಟ್ಟಲಲ್ಲಿ ತೊಳೆದ ನುಣುಪು ಕಲ್ಲುಗಳನ್ನಿಟ್ಟು ಸಂದಿಗಳಲ್ಲಿ ಪೆಲೆಟ್ ಹಾಕಿ. ಕಲ್ಲು ಮೊಲದ ಬಾಯಿಗೆ ಹಿಡಿಯದಷ್ಟು ದೊಡ್ಡದಿರಬೇಕು.

*ಹರಡಿ ಹಾಕೋದು.* ಪೆಲೆಟ್ಟನ್ನು ಹುಲ್ಲಿನ ರಾಶಿಯೊಳಗೆ ಚೆಲ್ಲಿ. ಹುಡುಕುವ ನೆಪದಲ್ಲಿ ಹುಲ್ಲನ್ನೂ ತಿನ್ನುತ್ತದೆ. ಟಿಶ್ಯೂ ರೋಲ್‌ನ ಒಳಗಿನ ರಟ್ಟಿನ ಕೊಳವೆಗೆ ಹುಲ್ಲು ತುರುಕಿ, ನಡುವೆ ಎರಡು ಪೆಲೆಟ್ ಇಟ್ಟರೆ ಆಟವೂ ಆಯಿತು. ರಟ್ಟಿಗೆ ಟೇಪು, ಪಿನ್ನು ಇರಬಾರದು. ಪ್ಲಾಸ್ಟಿಕ್ ಬಾಟಲಿಗೆ ತೂತು ಕೊರೆದು ಫೀಡರ್ ಮಾಡೋ ಐಡಿಯಾ ನಮಗೂ ಬಂದಿತ್ತು, ಬಿಟ್ಟೆವು. ಮೊಲ ಪ್ಲಾಸ್ಟಿಕ್ಕನ್ನೂ ಕಡಿದು ನುಂಗುತ್ತದೆ.

*ನೀರು ಚಿಮುಕಿಸೋದು.* ಒಮ್ಮೆ ಸಿಕ್ಕಿಕೊಂಡ ಮೊಲಕ್ಕೆ ಪೆಲೆಟ್ಟನ್ನು ಸ್ವಲ್ಪ ನೀರಿನಲ್ಲಿ ಮೆತ್ತಗೆ ಮಾಡಿ ಕೊಡಬಹುದು. ಒದ್ದೆ ಆಹಾರ ಬೇಗ ಹಳಸುತ್ತೆ, ಉಳಿದದ್ದನ್ನು ಎಸೆಯಿರಿ. ಕುಡಿಯುವ ನೀರು ಅಗಲ ಬಟ್ಟಲಲ್ಲಿ ಯಾವಾಗಲೂ ಇರಲಿ.

ಒಂದು ಕಟ್ಟುನಿಟ್ಟಿನ ನಿಯಮ: ಈ ಆಟಗಳೆಲ್ಲ ಪೆಲೆಟ್‌ಗೆ ಮಾತ್ರ. ಹುಲ್ಲು ಯಾವತ್ತೂ ಸುಲಭವಾಗಿ ಸಿಗಬೇಕು. ಹೊಸ ಸೊಪ್ಪಾಗಲಿ ಹೊಸ ಪೆಲೆಟ್ ಆಗಲಿ, ಒಮ್ಮೆಲೇ ಬದಲಿಸಬೇಡಿ, ಕೆಲವು ದಿನ ತಗೊಂಡು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಕೊತ್ತಂಬರಿ, ಪುದೀನ ಒಂದು ಹಿಡಿ ಸರಿ. ಕ್ಯಾರೆಟ್‌ನಲ್ಲಿ ಸಕ್ಕರೆ ಹೆಚ್ಚು, ಅದು ಊಟವಲ್ಲ, ಸಿಹಿತಿಂಡಿ. ಬಿಸ್ಕತ್ತು, ಬ್ರೆಡ್ಡು, ಅನ್ನ, ಈರುಳ್ಳಿ, ಚಾಕೊಲೇಟ್ ಬೇಡವೇ ಬೇಡ.

4. ಸಿಕ್ಕಿಕೊಂಡಾಗ ಏನು ಮಾಡಬೇಕು?

ಗುರುತುಗಳು: ತಲೆ ಮೇಲೆತ್ತಿ ಚಾಚುವುದು, ಜೊಲ್ಲು, ಮೂಗಿನಲ್ಲಿ ಆಹಾರ ಅಥವಾ ನೀರು, ಸದ್ದಿನ ಉಸಿರು, ನೀಲಿಗಟ್ಟಿದ ತುಟಿ. ಕಂಡ ಕೂಡಲೇ ಆಹಾರ ತೆಗೆದಿಡಿ, ಗಲಾಟೆ ಮಾಡದೆ ಬುಟ್ಟಿಯಲ್ಲಿಟ್ಟು ವೈದ್ಯರ ಹತ್ತಿರ ಹೊರಡಿ, ದಾರಿಯಲ್ಲೇ ಫೋನ್ ಮಾಡಿ. ಬಾಯಿಗೆ ನೀರು ಹೊಯ್ಯಬೇಡಿ, ಬೆರಳು ತುರುಕಬೇಡಿ. ವೀಡಿಯೋ ನೋಡಿ ತಲೆಕೆಳಗು ಮಾಡಿ ಬೀಸೋ ಸಾಹಸ ಬೇಡ. ಮೊಲದ ಮೂಳೆ ಹಗುರ, ಕಾಲು ಜಾಡಿಸಿದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಹುದು. ಮೊಲ ನೋಡುವ ವೈದ್ಯರು ನಿಮ್ಮೂರಲ್ಲಿ ಯಾರಿದ್ದಾರೆ ಅಂತ ಇವತ್ತೇ ಹುಡುಕಿ ನಂಬರ್ ಗೋಡೆಗೆ ಅಂಟಿಸಿ. ಆ ರಾತ್ರಿ ನಮಗೆ ಹುಡುಕೋದರಲ್ಲೇ ಅರ್ಧ ಹೊತ್ತು ಹೋಗಿತ್ತು.

5. ನಿಧಾನ ಎಲ್ಲವೂ ಒಳ್ಳೆಯದಲ್ಲ

ಈಗ ಬೆಣ್ಣೆ ಒಂದು ಕಂತು ಮುಗಿಸಲು ಹತ್ತು ನಿಮಿಷ ತಗೋತಾನೆ. ಖುಷಿಯೇ. ಆದರೆ ನಾವೇನೂ ಬದಲಾಯಿಸದೆ ಮೊಲ ತಾನಾಗೇ ನಿಧಾನವಾದರೆ, ತುತ್ತು ಬೀಳಿಸಿದರೆ, ಹುಲ್ಲು ಬಿಟ್ಟು ಮೆತ್ತನೆಯದನ್ನೇ ಹುಡುಕಿದರೆ ಎಚ್ಚರ. ಮೊಲದ 28 ಹಲ್ಲುಗಳೂ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅರೆದು ಸವೆಯದಿದ್ದರೆ ಅವು ಚೂಪಾಗಿ ನಾಲಿಗೆಯನ್ನೂ ಕೆನ್ನೆಯನ್ನೂ ಗಾಯ ಮಾಡುತ್ತವೆ. ಊಟ ಪೂರ್ತಿ ಬಿಟ್ಟರೆ, ಹಿಕ್ಕೆ ನಿಂತರೆ, ಬೆಳಗಾಗಲಿ ನೋಡೋಣ ಅನ್ನಬೇಡಿ. 12 ಗಂಟೆ ಏನೂ ತಿನ್ನದ ಮೊಲದ ಜೀವ ಅಪಾಯದಲ್ಲಿದೆ ಅಂತಲೇ ತಿಳಿಯಿರಿ.

ಈಗ ನಮ್ಮ ಮನೆಯ ಬಾಗಿಲ ಹಿಂದೆ ಒಂದು ಚಾರ್ಟ್ ಇದೆ: ಹುಲ್ಲು, ನೀರು, ಪೆಲೆಟ್, ಹಿಕ್ಕೆ. ಯಾರು ಮೊದಲು ಬರುತ್ತಾರೋ ಅವರು ನೋಡಿ ಟಿಕ್ ಹಾಕಬೇಕು. ನಮ್ಮ ಅಟೆಂಡೆನ್ಸ್ 75 ಶೇಕಡಾ ದಾಟಲು ಒದ್ದಾಡುತ್ತಿದೆ ನಿಜ, ಆದರೆ ಆ ಚಾರ್ಟಿನಲ್ಲಿ ಇಲ್ಲಿಯವರೆಗೆ ಒಂದು ಖಾಲಿ ಚೌಕವೂ ಇಲ್ಲ.