ಹಳೆಯ ಬಸ್ಸಿಗೆ ಬ್ಯಾಟರಿ ಸ್ವಿಚ್ಚಿನ ಆಯ್ಕೆ

ವಾಹನದ ಬ್ಯಾಟರಿಯನ್ನು ಉಳಿದ ವಿದ್ಯುನ್ಮಂಡಲದಿಂದ ಬೇರ್ಪಡಿಸುವ ಸ್ವಿಚ್ಚು ನೋಡಲು ಬಹು ಸರಳವಾದುದು. ಎರಡು ಲೋಹದ ತುಂಡುಗಳು ಕೂಡಿದರೆ ವಿದ್ಯುತ್ತು ಹರಿಯುತ್ತದೆ, ಅಗಲಿದರೆ ನಿಲ್ಲುತ್ತದೆ. ಇಷ್ಟೇ ಆದರೆ ಅಂಗಡಿಯಲ್ಲಿ ಸಿಕ್ಕಿದ ಯಾವುದಾದರೊಂದನ್ನು ತಂದು ಜೋಡಿಸಬಹುದಲ್ಲವೆ? ಜೋಡಿಸಬಾರದೇಕೆಂಬುದನ್ನು ಒಂದು ಪ್ರಸಿದ್ಧ ವಾಹನದ ನಿದರ್ಶನದಿಂದ ತಿಳಿಯೋಣ.

ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯು 1950ರಲ್ಲಿ ತಯಾರಿಸತೊಡಗಿದ ಚಿಕ್ಕ ಬಸ್ಸನ್ನು ಆಸಕ್ತರು ಇಂದಿಗೂ ಅನೇಕ ದೇಶಗಳಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಅದರ ಇಂಜಿನು ಹಿಂಭಾಗದಲ್ಲಿದೆ. ಬ್ಯಾಟರಿಯೂ ಪೆಟ್ರೋಲನ್ನು ತರುವ ರಬ್ಬರು ಕೊಳವೆಯೂ ಅದೇ ಕೋಣೆಯಲ್ಲಿವೆ. ಇಂಜಿನಿನ ಮುಖ್ಯ ಕವಚವು ಮೆಗ್ನೀಸಿಯಮ್ ಮಿಶ್ರಲೋಹದ್ದು; ಅದಕ್ಕೆ ಒಮ್ಮೆ ಬೆಂಕಿ ಹತ್ತಿದರೆ ಆರಿಸುವುದು ಬಹು ಕಷ್ಟ. ಹಳೆಯ ತಂತಿಯ ಹೊದಿಕೆ ಸವೆದು ಧನ ತಂತಿಯು ಬಸ್ಸಿನ ಒಡಲಿಗೆ ತಗುಲಿದರೆ ಕ್ಷಣಮಾತ್ರದಲ್ಲಿ ನೂರಾರು ಆಂಪಿಯರ್ ಪ್ರವಾಹ ಹರಿದು ತಂತಿ ಕೆಂಪಗೆ ಕಾಯುತ್ತದೆ. ನಿಂತ ಬಸ್ಸಿನಲ್ಲಿ ಈ ಅಪಾಯವನ್ನು ತಪ್ಪಿಸುವುದೇ ಸ್ವಿಚ್ಚಿನ ಮುಖ್ಯ ಕೆಲಸ.

ಮೊದಲು ಪರಿಶೀಲಿಸತಕ್ಕದ್ದು ಸ್ವಿಚ್ಚು ಕೂಡಿರುವಾಗಿನ ರೋಧ. ಈ ಬಸ್ಸಿನ ಮೊದಲ ತಲೆಮಾರಿನಲ್ಲಿ ಬಹುಪಾಲಿಗೆ 6 ವೋಲ್ಟಿನ ಬ್ಯಾಟರಿ ಇದ್ದಿತು. 1967ರಲ್ಲಿ ಬಂದ ಎರಡನೆಯ ತಲೆಮಾರಿಗೆ 12 ವೋಲ್ಟಿನದು ಬಂದಿತು. ಇಂಜಿನನ್ನು ಚಾಲೂ ಮಾಡುವ ಸ್ಟಾರ್ಟರ್ ಮೋಟಾರಿಗೆ 900 ವಾಟ್ ಬೇಕೆಂದು ಭಾವಿಸೋಣ. 12 ವೋಲ್ಟಿನಲ್ಲಿ ಅದಕ್ಕೆ 75 ಆಂಪಿಯರ್ ಸಾಕು. 6 ವೋಲ್ಟಿನಲ್ಲಿ 150 ಆಂಪಿಯರ್ ಬೇಕು. ಸ್ವಿಚ್ಚಿನ ರೋಧ 0.001 ಓಮ್ ಆಗಿದ್ದರೆ 6 ವೋಲ್ಟಿನ ಬಸ್ಸಿನಲ್ಲಿ ನಷ್ಟವಾಗುವುದು 0.15 ವೋಲ್ಟ್ ಮಾತ್ರ. ಸಂಪರ್ಕದ ಲೋಹ ಮಾಸಿ ರೋಧವು 0.01 ಓಮಿಗೆ ಏರಿದರೆ ನಷ್ಟ 1.5 ವೋಲ್ಟ್, ಎಂದರೆ ಬ್ಯಾಟರಿಯ ಬಲದ ಕಾಲುಭಾಗ! ಸ್ವಿಚ್ಚಿನಲ್ಲಿಯೇ 225 ವಾಟ್ ಉಷ್ಣ ಹುಟ್ಟುತ್ತದೆ. ಅದೇ ಸ್ವಿಚ್ಚು 12 ವೋಲ್ಟಿನ ಬಸ್ಸಿನಲ್ಲಿ ಕಳೆಯುವುದು ಹದಿನಾರನೆಯ ಒಂದು ಭಾಗ ಮಾತ್ರ. ಆದುದರಿಂದ ವೋಲ್ಟು ಕಡಮೆಯಾದಷ್ಟೂ ಸ್ವಿಚ್ಚು ಉತ್ತಮವಾಗಿರಬೇಕು.

ಎರಡನೆಯದು ಪ್ರವಾಹದ ಮಿತಿ. ಸ್ವಿಚ್ಚಿನ ಮೇಲೆ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ: ಸತತವಾಗಿ ಹರಿಯಬಹುದಾದ ಪ್ರವಾಹ, ಕೆಲವೇ ಸೆಕೆಂಡು ಹರಿಯಬಹುದಾದ ಪ್ರವಾಹ. ತಿರುಗತೊಡಗುವ ಮುನ್ನ ಮೋಟಾರಿನಲ್ಲಿ ಎದುರು ವಿದ್ಯುತ್ಪ್ರೇರಣೆ ಇರುವುದಿಲ್ಲ; ಆಗ ಪ್ರವಾಹವು ಮೇಲಿನ ಲೆಕ್ಕಕ್ಕಿಂತ ಹಲವು ಮಡಿ ಹೆಚ್ಚು. ಅದನ್ನೂ ತಾಳುವ ಸ್ವಿಚ್ಚನ್ನೇ ಆರಿಸಬೇಕು. ಮನೆಯ ದೀಪದ ಸ್ವಿಚ್ಚು ಇಲ್ಲಿಗೆ ಒದಗದು. ಮನೆಯ ಪರ್ಯಾಯ ಪ್ರವಾಹವು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ತಾನೇ ಆರುತ್ತದೆ. ಬ್ಯಾಟರಿಯ ಏಕಮುಖ ಪ್ರವಾಹಕ್ಕೆ ಅಂತಹ ವಿರಾಮವಿಲ್ಲ.

ಇನ್ನು ಸ್ಥಾನ. ಕಿಡಿ ಹಾರುವ ಉಪಕರಣವನ್ನು ಪೆಟ್ರೋಲಿನ ಆವಿ ಅಥವಾ ಬ್ಯಾಟರಿಯಿಂದೇಳುವ ಜಲಜನಕ ಸೇರುವ ಕಡೆ ಇಡಬಾರದು. ಇಂಜಿನ್ ಕೋಣೆಯ ಹೊರಗೆ, ಬೇಗನೆ ಕೈಗೆಟಕುವಂತೆ ಇಡುವುದು ಲೇಸು. ಆದರೆ ತಂತಿ ಉದ್ದವಾದಷ್ಟೂ ರೋಧ ಹೆಚ್ಚು: 50 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 3 ಮೀಟರಿಗೆ ಸುಮಾರು 0.001 ಓಮ್, ಅಂದರೆ ಒಂದು ಒಳ್ಳೆಯ ಸ್ವಿಚ್ಚಿನಷ್ಟು. ಸ್ವಿಚ್ಚನ್ನು ಋಣ ತಂತಿಯಲ್ಲಿ ಕೂಡಿಸುವುದು ಮೇಲು. ಈ ಬಸ್ಸಿನಲ್ಲಿ ಋಣಧ್ರುವವೇ ಒಡಲಿಗೆ ಸೇರಿರುವುದರಿಂದ, ಆ ತಂತಿಯ ಹೊದಿಕೆ ಸವೆದು ಒಡಲಿಗೆ ತಗುಲಿದರೂ ಬೆಂಕಿ ಏಳದು. ಸ್ವಿಚ್ಚು ನಿಷ್ಪ್ರಯೋಜಕವಾಗುವುದು, ಅಷ್ಟೆ.

ಕಡೆಯದಾಗಿ ಒಂದು ಎಚ್ಚರಿಕೆ. ಇಂಜಿನು ಓಡುತ್ತಿರುವಾಗ ಈ ಸ್ವಿಚ್ಚನ್ನು ತೆರೆದರೆ ಇಂಜಿನು ನಿಲ್ಲುವುದೆಂಬ ಭರವಸೆಯಿಲ್ಲ. ಡೈನಮೊ ಅಥವಾ ಆಲ್ಟರ್ನೇಟರು ಅದಕ್ಕೆ ವಿದ್ಯುತ್ತನ್ನು ಒದಗಿಸುತ್ತಲೇ ಇರಬಹುದು. ಬ್ಯಾಟರಿ ತಪ್ಪಿದೊಡನೆ ಆಲ್ಟರ್ನೇಟರಿನ ವೋಲ್ಟು ಥಟ್ಟನೆ ಏರಿ ಅದರ ಡಯೋಡುಗಳು ಸುಡಲೂಬಹುದು. ಆದುದರಿಂದ ಹೊಗೆ ಕಂಡರೆ ಮೊದಲು ಕೀಲಿಯಿಂದ ಇಂಜಿನನ್ನು ನಿಲ್ಲಿಸಿ, ಅನಂತರ ಸ್ವಿಚ್ಚನ್ನು ತೆರೆಯತಕ್ಕದ್ದು. ಒಂದೇ ಚಲನೆಯಲ್ಲಿ ಎರಡೂ ಆಗಬೇಕಾದರೆ, ಮೋಟಾರು ಪಂದ್ಯದ ವಾಹನಗಳಲ್ಲಿರುವಂತೆ, ಇಂಜಿನಿನ ಕಿಡಿಯನ್ನೂ ಕಡಿಯುವ ಹೆಚ್ಚಿನ ಸಂಪರ್ಕಗಳುಳ್ಳ ಸ್ವಿಚ್ಚನ್ನು ಕೊಳ್ಳಬೇಕು.

ಸ್ವಿಚ್ಚಿನ ಗುಣವನ್ನು ಪರೀಕ್ಷಿಸುವುದು ಸುಲಭ. ಅದರ ಎರಡು ತುದಿಗಳಿಗೆ ವೋಲ್ಟ್‌ಮೀಟರನ್ನು ಜೋಡಿಸಿ, ಸ್ಟಾರ್ಟರ್ ತಿರುಗುತ್ತಿರುವಾಗ ಮುಳ್ಳನ್ನು ನೋಡಿರಿ. ಮುಳ್ಳು ಸೊನ್ನೆಯ ಸಮೀಪದಲ್ಲಿದ್ದರೆ ಸ್ವಿಚ್ಚು ಯೋಗ್ಯ. ವರ್ಷದಿಂದ ವರ್ಷಕ್ಕೆ ಮೇಲೇರುತ್ತಿದ್ದರೆ ಅದನ್ನು ಬದಲಿಸುವ ಕಾಲ ಬಂದಿದೆ ಎಂದು ತಿಳಿಯಬೇಕು.